ಒಂದೇ ಐರಿಶ್ ರೀಲ್, ಒಬ್ಬೊಬ್ರದು ಒಂದೊಂದು ಪಾಠಾಂತರ. ಯಾವ್ದನ್ನ ಕಲೀಲಿ?

ಪಿಟೀಲು_ಪರದೇಶಿ

ಎಲ್ರಿಗೂ ನಮಸ್ಕಾರ. ಐರಿಶ್ ಟ್ರೆಡಿಷನಲ್ ಸಂಗೀತ ನುಡಿಸೋ ಕನ್ನಡದವ್ರು ಯಾರಾದ್ರೂ ಇದೀರಾ ಇಲ್ಲಿ? ಇದ್ರೆ ನನ್ನ ಗೋಳು ಸ್ವಲ್ಪ ಕೇಳಿ. ನಾನು ಮೈಸೂರಿನವ್ನು, ಹನ್ನೊಂದು ವರ್ಷ ಕರ್ನಾಟಕ ಪಿಟೀಲು ಕಲ್ತು ಸೀನಿಯರ್ ಪರೀಕ್ಷೆ ಮುಗ್ಸಿ ಆಮೇಲೆ ಕಾಲೇಜು ಕೆಲ್ಸ ಅಂತ ಬಿಟ್ಟೇಬಿಟ್ಟಿದ್ದೆ, ಐರ್ಲೆಂಡಿನ ಗಾಲ್ವೇಗೆ ಬಂದು ಒಂದೂವರೆ ವರ್ಷ ಆಯ್ತು, ಇಲ್ಲಿ ಪಬ್ಬಲ್ಲಿ ಸಾಯಂಕಾಲ ಸೆಷನ್ ಅಂತ ಸುತ್ತ ಕೂತು ನುಡಿಸ್ತಾರಲ್ಲ, ಅದನ್ನ ಕೇಳಿ ಕೇಳಿ ಮತ್ತೆ ಕೈ ತುರಿಸೋಕೆ ಶುರುವಾಗಿ ಊರಿಂದ ಪಿಟೀಲು ತರಿಸ್ಕೊಂಡೆ. ಶ್ರುತಿ ಬದಲಾಯಿಸಿ, ಕುರ್ಚಿ ಮೇಲೆ ಕೂತು, ಭುಜಕ್ಕೆ ಆನಿಸ್ಕೊಂಡು ನುಡಿಸೋದಕ್ಕೇ ಮೂರು ತಿಂಗ್ಳು ಹಿಡೀತು, ಇವತ್ತಿಗೂ ಕಾಲು ಮಡಚಿ ಪಾದದ ಮೇಲೆ ಊರೋಣ ಅನ್ಸತ್ತೆ.

ವಿಷ್ಯ ಏನಪ್ಪಾ ಅಂದ್ರೆ, ಮೊದಲ್ನೇ ರೀಲ್ (ಐರಿಶ್ ಕುಣಿತದ ಒಂದು ಬಗೆ ಧಾಟಿ) ಅಂತ ಕೂಲೀಸ್ ಅನ್ನೋದನ್ನ ಆರಿಸ್ಕೊಂಡೆ, ಎಲ್ರೂ ಮೊದ್ಲು ಕಲಿಯೋದು ಅದನ್ನೇ ಅಂದ್ರು. ಅವರ ಸ್ವರಲಿಪಿಯ ಶೀಟ್ ಇಳಿಸ್ಕೊಂಡು ನಮ್ ಸ್ವರಕ್ಕೆ ಬರ್ಕೊಂಡೆ. ಅವರ 'ಇ' ಸ್ವರಾನ ಷಡ್ಜ ಅಂತ ಇಟ್ಕೊಂಡ್ರೆ ಪೂರ್ತಿ ಖರಹರಪ್ರಿಯದ ಸ್ವರಗಳೇ. ಮೊದಲ ಭಾಗ ಹೀಗೆ ಹೊರಡತ್ತೆ:

ಸ ಪ ಪ ಮ ಪ , ಸ ಪ | ಪ , ಮ ಪ ನಿ ಪ ಮ ಗ | ರಿ ನಿ ಮ ನಿ ಪ ನಿ ಮ ನಿ | ರಿ ನಿ ಮ ನಿ ನಿ ಮ ರಿ ನಿ

(ಗೆರೆಗಳ ನಡುವಿನ ಒಂದೊಂದು ತುಂಡು ಒಂದು ಬಾರು, ಅಲ್ಪವಿರಾಮ ಅಂದ್ರೆ ಹಿಂದಿನ ಸ್ವರದ ಎಳೆತ. ಮೂರ್ನೇ ಬಾರಿನ ನಿಷಾದ ಎಲ್ಲಾ ಮಂದ್ರದ್ದು, ಅಂದ್ರೆ ಕೆಳಗಿನ ಸ್ಥಾಯಿದು, ನಾಲ್ಕನೇದ್ರಲ್ಲಿ ಐದನೇ ಜಾಗದ್ದೊಂದು ಮಾತ್ರ ಮೇಲಿಂದು.)

ಎರಡು ವಾರ ಕೂತು ಉರು ಹೊಡೆದೆ. ಧೈರ್ಯ ಮಾಡಿ ಸೆಷನ್ನಿಗೆ ಹೋದೆ, ನನ್ನ ಅದೃಷ್ಟಕ್ಕೆ ಅದೇ ರೀಲ್ ಬಂತು, ಪಿಟೀಲು ಎತ್ತಿದೆ, ನಾಲ್ಕೇ ಬಾರಿಗೆ ಸಿಕ್ಕಾಕೊಂಡೆ. ನಾನು 'ಪ ಪ ಮ ಪ' ಅಂತಿದ್ರೆ ಕೊಳಲಿನವ್ನು ಪಂಚಮದ ಮೇಲೇ ಕೂತು ಏನೋ ಗುರ್ರ್ ಅನ್ನಿಸ್ತಾನೆ, ಅಕಾರ್ಡಿಯನ್ ತಾತ ಅಲ್ಲಿ ಸುಮ್ನೆ ಉದ್ದ ಹಿಡಿದ್ಬಿಟ್ರು, ಕನ್ಸರ್ಟಿನಾ (ಕೈಯಲ್ಲಿ ಹಿಡಿಯೋ ಚಿಕ್ಕ ತಿದಿ ವಾದ್ಯ) ನುಡಿಸ್ತಿದ್ದ ಹೆಂಗಸು ಮೂರ್ನೇ ಬಾರನ್ನ 'ರಿ , ಮ ನಿ' ಅಂತ ಮಾಡಿದ್ರು. ಫೋನಲ್ಲಿ ರೆಕಾರ್ಡ್ ಮಾಡಿದ್ದೆ, ಮನೇಗೆ ಬಂದು ಅರ್ಧ ಸ್ಪೀಡಲ್ಲಿ ಕೇಳಿದ್ರೆ ಆ ಕನ್ಸರ್ಟಿನಾದವ್ರು ಅದೇ ಬಾರನ್ನ ಮೂರು ಸುತ್ತಲ್ಲಿ ಮೂರು ಥರ ನುಡಿಸಿದಾರೆ! ಮುಂದಿನ ವಾರ ಹೋಗಿ ಕೇಳ್ದೆ, ಯಾವ್ದು ಸರಿ ಅಂತ. "ಹೌದಾ, ಹಾಗೆಲ್ಲ ನುಡಿಸಿದ್ನಾ?" ಅಂದ್ಬಿಟ್ರು, ನಗ್ತಾ.

ನಮ್ಮಲ್ಲೂ ಪಾಠಾಂತರ ಇದೆ, ಒಂದು ಗುರುಪರಂಪರೇಲಿ ಒಂದು ಥರ ಇನ್ನೊಂದ್ರಲ್ಲಿ ಇನ್ನೊಂದು ಥರ, ಆದ್ರೆ ಒಬ್ರೇ ಒಂದೇ ಕೂತಲ್ಲಿ ಮೂರು ಪಾಠ ನುಡಿಸೋದಿಲ್ಲ. ಇದಕ್ಕೆ ನಿಯಮ ಏನಾದ್ರೂ ಇದ್ಯಾ? ಎಲ್ಲಿ ಬದಲಾಯಿಸ್ಬೋದು ಎಲ್ಲಿ ಮುಟ್ಬಾರ್ದು ಅಂತ ಹೇಗೆ ಗೊತ್ತಾಗತ್ತೆ? ಇನ್ನೊಂದು, ಗಾಂಧಾರಕ್ಕೆ ಅಭ್ಯಾಸ ಬಲದಿಂದ ಒಂಚೂರು ಕಂಪಿತ (ಸ್ವರಾನ ಅಲ್ಲಾಡಿಸೋ ಗಮಕ) ಕೊಟ್ಟೆ, ಪಕ್ಕದ ಬ್ಯಾಂಜೋದವ್ನು ಕತ್ತು ತಿರುಗಿಸಿ ನೋಡ್ದ. ಅದು ಮೆಚ್ಚುಗೆ ಅಲ್ಲ ಅಂತ ಮಾತ್ರ ಗೊತ್ತಾಯ್ತು.


ಕೊಳಲಮ್ಮ_ಕಾರ್ಕ್

ಮೊದ್ಲು ಆ ಶೀಟನ್ನ ಮಡಚಿ ಒಳಗಿಡಿ. ನಾನು ಒಂಬತ್ತು ವರ್ಷದಿಂದ ಕಾರ್ಕಲ್ಲಿದೀನಿ, ಟಿನ್ ವಿಸಿಲ್ಲಿಂದ ಶುರು ಮಾಡಿ ಈಗ ಮರದ ಕೊಳಲು. ನಂಗೆ ಹೇಳ್ಕೊಟ್ಟವ್ರು ಒಂದು ವಾರ ಒಂದು ರೀಲ್ ಬಾಯಿಪಾಠ ಹಾಕ್ಸಿದ್ರು, ಮುಂದಿನ ವಾರ ಹೋಗಿ ಅದೇ ಥರ ಒಪ್ಪಿಸಿದ್ರೆ "ಇದೆಲ್ಲಿ ಕಲ್ತೆ ನೀನು" ಅಂತ ಕೇಳಿದ್ರು. ತಮಾಷೆ ಅಲ್ಲ, ಅವರಿಗೆ ನಿಜವಾಗ್ಲೂ ನೆನಪಿರಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ರೀಲ್ ಅಂದ್ರೆ ಎಂಟು ಬಾರಿನ ಮೊದಲ ಭಾಗ ಎರಡ್ಸಲ, ಎಂಟು ಬಾರಿನ ಎರಡ್ನೇ ಭಾಗ ಎರಡ್ಸಲ, ಒಟ್ಟು 32 ಬಾರು. ಎರಡ್ನೇ ಸಲ ರಿಪೀಟ್ ಮಾಡದೇ ಹೋಗೋ ರೀಲ್‌ಗಳೂ ಇವೆ, ಅದು ಬಿಡಿ. ನಿಮ್ಮ ಕೂಲೀಸಲ್ಲಿ ಆ 'ಸ ಪ ಪ ಮ' ಮೊದಲ ಬಾರಲ್ಲಿ ಬರತ್ತೆ, ಐದನೇ ಬಾರಲ್ಲಿ ಮತ್ತೆ ಬರತ್ತೆ, ಎರಡು ಸಲ ತಿರುಗಿಸಿದ್ರೆ ನಾಲ್ಕು, ಸಾಮಾನ್ಯವಾಗಿ ಮೂರು ಸುತ್ತು ನುಡಿಸಿ ಇನ್ನೊಂದು ರೀಲ್‌ಗೆ ಜಿಗೀತಾರೆ, ಅಲ್ಲಿಗೆ ಹನ್ನೆರಡು ಸಲ. ಹನ್ನೆರಡೂ ಸಲ ಅಚ್ಚು ಹೊಡೆದ ಹಾಗೆ ನುಡಿಸಿದ್ರೆ ಕೇಳೋರು ಬಿಡಿ, ನಿಮಗೇ ಆಕಳಿಕೆ ಬರತ್ತೆ.

ಎಲ್ಲಿ ಮುಟ್ಬಾರ್ದು ಅಂತ ಕೇಳಿದ್ರಿ. ನನ್ ಅನುಭವ ಹೇಳ್ತೀನಿ. ಎರಡ್ಮೂರು ಮೊಳೆ ಇರತ್ತೆ, ಮಿಕ್ಕಿದ್ದೆಲ್ಲ ಹಗ್ಗ. ಮೊದಲ ಎರಡು ಬಾರು ಸ ಮತ್ತು ಪ ಮೇಲೆ ನಿಂತಿರ್ಬೇಕು, ಮೂರನೇ ಬಾರಿಗೆ ಇಡೀ ರಾಗ ಧೊಪ್ ಅಂತ ಒಂದು ಮೆಟ್ಲು ಕೆಳಕ್ಕೆ ರಿ-ನಿ ಕಡೆ ಬೀಳ್ಬೇಕು, ಕೊನೇ ಬಾರಲ್ಲಿ 'ನಿ ಸ ರಿ ನಿ ಸ' ಅಂತ ಮನೇಗೆ ಬರ್ಬೇಕು. ಇಷ್ಟು ಇದ್ರೆ ಐರ್ಲೆಂಡಿನ ಯಾವ ಮೂಲೇಲಿ ನುಡಿಸಿದ್ರೂ ಇದು ಕೂಲೀಸ್ ಅಂತ ಗುರುತು ಹಿಡೀತಾರೆ. ನಡುವಿನ ಸ್ವರಗಳನ್ನ ಯಾರೂ ಎಣಿಸೋದಿಲ್ಲ. ನಿಮ್ಮ ಕನ್ಸರ್ಟಿನಾದವ್ರು 'ರಿ , ಮ ನಿ' ಅಂದಾಗ ಒಂದು ನಿಷಾದ ನುಂಗಿದ್ರು ಅಷ್ಟೇ, ಮೊಳೆ ಅಲ್ಲಾಡ್ಲಿಲ್ಲ.

ಆ ಗುರ್ರ್ ಅನ್ನೋದು ರೋಲ್. ಮೂರು ಸ್ವರದ ಜಾಗದಲ್ಲಿ ಒಂದೇ ಸ್ವರಾನ ಮೂರು ಸಲ ಹೇಳೋದು, ಮೊದಲ್ನೇದಕ್ಕೂ ಎರಡ್ನೇದಕ್ಕೂ ಮಧ್ಯ ಮೇಲಿಂದ ಒಂದು ಚಿಟಿಕೆ, ಎರಡಕ್ಕೂ ಮೂರಕ್ಕೂ ಮಧ್ಯ ಕೆಳಗಿಂದ ಒಂದು ತಟ್ಟು. ಕೊಳಲಲ್ಲಿ ಆ ಪಂಚಮಕ್ಕೆ ಮೇಲಿನ ಒಂದು ತೂತು ಮಾತ್ರ ಮುಚ್ಚಿರತ್ತೆ, ತೋರುಬೆರಳು ಚಕ್ಕಂತ ಎತ್ತಿ ಇಟ್ರೆ ಮೇಲಿನ ಚಿಟಿಕೆ, ಪಕ್ಕದ ಬೆರಳಿಂದ ಎರಡ್ನೇ ತೂತಿಗೆ ಒಂದ್ ಏಟು ಕೊಟ್ರೆ ಕೆಳಗಿನ ತಟ್ಟು. ಅವೆರಡೂ ಸ್ವರ ಅಂತ ಕಿವಿಗೆ ಬೀಳಬಾರ್ದು, ಬಿದ್ರೆ ನಿಧಾನ ಆಯ್ತು ಅಂತ ಅರ್ಥ. ನೀವು ಜಂಟಿ ವರಸೆ ಮಾಡಿರ್ತೀರಲ್ಲ, ಸ್ಫುರಿತ (ಜೋಡಿ ಸ್ವರದ ಎರಡ್ನೇದನ್ನ ಕೆಳಗಿಂದ ಒತ್ತಿ ಹೇಳೋದು) ಕೊಟ್ಟು, ಅದಕ್ಕೆ ಹತ್ತಿರ ಇದು. ಕಂಪಿತದಿಂದ ಮಾತ್ರ ದೂರ. ನಮ್ಮ ಗಮಕ ಸ್ವರಾನ ಸ್ವರಕ್ಕೆ ಅಂಟಿಸತ್ತೆ, ಇವರ ಚಿಟಿಕೆ-ತಟ್ಟು ಕತ್ತರಿಸತ್ತೆ. ಬ್ಯಾಂಜೋದವ್ನು ಯಾಕೆ ತಿರುಗಿ ನೋಡ್ದ ಗೊತ್ತಾಯ್ತಾ!

ಇನ್ನೊಂದು ಏನಂದ್ರೆ ಅರ್ಧ ವ್ಯತ್ಯಾಸ ವಾದ್ಯದಿಂದಲೇ ಬರೋದು. ನಾನು ಉಸಿರು ತಗೋಬೇಕು, ಹಾಗಾಗಿ ಎಲ್ಲೋ ಒಂದು ಸ್ವರ ಬಿಡ್ಲೇಬೇಕು, ಪ್ರತೀ ಸುತ್ತು ಬೇರೆ ಬೇರೆ ಕಡೆ ಬಿಡ್ತೀನಿ, ಅದನ್ನೇ ಜನ ಆಹಾ ಎಂಥಾ ವೇರಿಯೇಷನ್ ಅಂತಾರೆ, ನಿಜ ಹೇಳ್ಬೇಕಂದ್ರೆ ದಮ್ಮು ಕಟ್ಟಿರತ್ತೆ ಅಷ್ಟೇ. ಕೊಳಲಿನ ತಳದ ಸ್ವರಕ್ಕೆ ಆರೂ ತೂತು ಮುಚ್ಚಿರತ್ತೆ, ಕೆಳಗಿಂದ ತಟ್ಟೋಕೆ ಬೆರಳೇ ಉಳಿದಿರಲ್ಲ, ಆದ್ರಿಂದ ಅಲ್ಲಿ ರೋಲ್ ಬದಲು ಮೇಲಿನ ಚಿಟಿಕೆಗಳನ್ನೇ ಪಟಪಟ ಹಾಕೋ ಕ್ರಾನ್, ಅದು ಇಲಿಯನ್ ಪೈಪ್ಸ್ (ಐರಿಶ್ ಬ್ಯಾಗ್‌ಪೈಪ್) ನುಡಿಸೋರ ಹತ್ರ ಕೇಳ್ಬೇಕು. ಪಿಟೀಲಿನ ದಪ್ಪ ತಂತಿಗೆ ಇಳಿಯೋ ರೀಲ್‌ಗಳಿವೆ, ನಮಗೆ ಅಲ್ಲಿಗೆ ಹೋಗೋಕಾಗಲ್ಲ, ಒಂದು ಸ್ಥಾಯಿ ಮೇಲಕ್ಕೆ ಮಡಚ್ಕೋತೀವಿ. ನಿಮ್ಮ ಕೂಲೀಸ್‌ನ ಎರಡ್ನೇ ಭಾಗದಲ್ಲಿ ಮೇಲಿನ ಷಡ್ಜದಿಂದ ಪಂಚಮಕ್ಕೆ ಬಂದು ನಿಲ್ಲತ್ತಲ್ಲ, ಅಲ್ಲಿ ನಾನು ರೋಲ್ ಹಾಕ್ತೀನಿ, ನೀವು ಬಿಲ್ಲನ್ನ ಚಿಕ್ಕದಾಗಿ ಮೂರ್ಸಲ ಕೆರೆದು 'ಪಪಪ' ಅನ್ನಿ, ಬ್ಯಾಂಜೋದವ್ನೂ ಅದನ್ನೇ ಮಾಡ್ತಿರ್ತಾನೆ, ಈ ಸಲ ನಗ್ತಾನೆ.


ಧಾರವಾಡ_ಪೇಡೆ

ನಾ ನುಡಸೂದಿಲ್ರಿ, ಬರೇ ಕೇಳಂವ. ಆದ್ರ ಹಳೇ ರೆಕಾರ್ಡಿನ ಹುಚ್ಚು ಐತಿ, ಅದಕ್ಕ ಎರಡ್ ಮಾತ್ ಬರೀತೇನಿ. ಕೊಳಲಮ್ಮ ಅವರು ಹೇಳಿದ್ದು ಖರೆ, ಆದ್ರ ಊರಿನ ಮಾತು ಬಿಟ್ರಲ್ರಿ. ನಮ್ ಕಡೆ ಘರಾಣೆ ಅಂತೀವಲ್ಲ, ಅಲ್ಲಿ ಕೌಂಟಿ, ಅಂದ್ರ ಜಿಲ್ಲಾ. ಉತ್ತರದಾಗ ಡೊನೆಗಾಲ್ ಐತಲ್ಲ, ಅಲ್ಲಿ ಪಿಟೀಲಿನ ಜಾನ್ ಡೊಹರ್ಟಿ ಅವರದು ಕೇಳ್ರಿ, ಸ್ವರಕ್ಕೊಂದು ಬಿಲ್ಲು, ಕಡಕ್ ಕಡಕ್, ಸ್ಕಾಟ್ಲೆಂಡಿನ ಗಾಳಿ ಬೀಸ್ತೈತಿ ಅದರಾಗ. ಪೂರ್ವ ಕ್ಲೇರ್‌ಗೆ ಬಂದ್ರ ಪಿಟೀಲಿನ ಮಾರ್ಟಿನ್ ಹೇಯ್ಸ್, ಅದೇ ರೀಲ್ ನಿಧಾನ ಆಗಿ, ಮಳಿ ನಿಂತ್ ಮ್ಯಾಲ ಹಂಚಿನಿಂದ ಹನಿ ಬಿದ್ದಂಗ. ಇಬ್ಬರದೂ ಒಂದೇ ರೀಲ್ ಅಂತ ಹೇಳಿದ್ರ ನಂಬೂದಿಲ್ಲ ನೀವು.

ಇನ್ನ ಸ್ಲೈಗೋ ಕೌಂಟಿ. ಅಲ್ಲಿಯ ಪಿಟೀಲಿನ ಮೈಕಲ್ ಕೋಲ್ಮನ್ ಹುಟ್ಟಿದ್ದು 1891ರಾಗ ಕಿಲ್ಲಾವಿಲ್ ಅನ್ನೂ ಹಳ್ಳ್ಯಾಗ, ಮುಂದ ನ್ಯೂಯಾರ್ಕಿಗೆ ಹೋಗಿ 1921ರಿಂದ 1936ರ ತನಕ 78ರ ಗ್ರಾಮೋಫೋನ್ ತಟ್ಟಿ ಮಾಡಿದ್ರು. ಒಂದ್ ಮಗ್ಗಲ್ದಾಗ ಹಿಡಿಯೂದು ಮೂರು ನಿಮಿಷ. ಆ ಮೂರು ನಿಮಿಷದಾಗ ಎರಡ್ ಮೂರು ರೀಲ್ ಜೋಡಿಸಿ, ತಿರಿಗಿ ತಿರಿಗಿ ಬಂದಾಗೊಮ್ಮೆ ಬ್ಯಾರೆ ಮಾಡಿ, ಎಲ್ಲಾ ಅದರಾಗ ತುಂಬ್ಯಾರ. ಆ ತಟ್ಟಿ ಹಡಗ ಹತ್ತಿ ವಾಪಸ್ ಐರ್ಲೆಂಡಿಗೆ ಬಂದ್ವು, ಮನಿ ಮನ್ಯಾಗ ಗ್ರಾಮೋಫೋನ್ ಮುಂದ ಕುಂತು ಮಂದಿ ಕಲ್ತ್ರು. ಏನಾತು? ಕೋಲ್ಮನ್ ಅವತ್ತು ಆ ಕ್ಷಣಕ್ಕ ಹೊಳದಂಗ ತಿರುವಿದ್ದನ್ನ ಎಲ್ಲಾರೂ ಅಕ್ಷರ ಬಿಡದಂಗ ಉರು ಹೊಡದ್ರು. ಒಬ್ಬರ ವೇರಿಯೇಷನ್ ಇನ್ನೊಬ್ಬರಿಗೆ ಶಾಸನ ಆಗಿಬಿಡ್ತು. ಎಷ್ಟೋ ಊರಿನ ತಮ್ಮ ತಮ್ಮ ಬಾಜ್ (ನುಡಸೂ ರೀತಿ) ಅದರಾಗ ಮಸಕಾದ್ವು. ನನಗ ಕೋಲ್ಮನ್ ಅಂದ್ರ ಜೀವ, ಆದ್ರ ಇದಕ್ಕ ಹೊಟ್ಟಿ ಉರೀತೈತಿ.

ನಿಮ್ಮ ಶೀಟಿನ ಕಥಿನೂ ಹಂಗ. ಶಿಕಾಗೋ ಪೊಲೀಸ್ ಮುಖ್ಯಸ್ಥ ಆಗಿದ್ದ ಫ್ರಾನ್ಸಿಸ್ ಓ'ನೀಲ್ 1903ರಾಗ 1,850 ಧಾಟಿ ಒಟ್ಟು ಮಾಡಿ ಅಚ್ಚು ಹಾಕ್ಸಿದ್ರು, ದೊಡ್ಡ ಕೆಲಸ, ಎರಡು ಮಾತಿಲ್ಲ. ಆದ್ರ ಅಚ್ಚಿನಾಗ ಬರೂದು ಯಾರೋ ಒಬ್ಬರು ಯಾವುದೋ ಒಂದು ದಿನ ನುಡಿಸಿದ್ದು. ಮರುದಿನ ಬರಕೊಂಡಿದ್ರ ಬ್ಯಾರೆ ಇರ್ತಿತ್ತು.

ಹಾಂ, ನೀವು ಗಾಲ್ವೇದಾಗೇ ಅದೀರಿ ಅಂದ್ರ, ಆ ರೀಲಿಗೆ ಹೆಸರು ಕೊಟ್ಟ ಜೋ ಕೂಲಿ ನಿಮ್ಮ ಜಿಲ್ಲಾದವರೇ, ಪೀಟರ್ಸ್‌ವೆಲ್ ಅಂತ ದಕ್ಷಿಣದ ಹಳ್ಳಿ. ಅಕಾರ್ಡಿಯನ್ ಬಾರಸ್ತಿದ್ರು, ಅಮೆರಿಕಾಕ್ಕ ಹೋಗಿ ವರ್ಷಗಟ್ಟಲೆ ಇದ್ದು ವಾಪಸ್ ಬಂದು 1973ರಾಗ ತೀರಿಕೊಂಡ್ರು. ಅವರ ಕೈಯಾಗ ಅಲಂಕಾರ ಭಾಳ ಕಡಿಮಿ. ತಿದಿ ಒತ್ತೂದು ಎಳೆಯೂದು, ಅದರಾಗೇ ಕಾಲು ಕುಣೀಬೇಕು ಹಂಗ. ನಿಮ್ಮ ಸೆಷನ್ನಿನ ಅಜ್ಜಾ ಉದ್ದ ಹಿಡದಾರ ಅಂದ್ರಲ್ಲ, ಆ ಕಡೆಯವರೇ ಇರಬೇಕು.


ಸಂಗತಿ_ಪ್ರಿಯ

ಇದು ಮನೋಧರ್ಮ (ಆಗಲೇ ಹೊಳೆದದ್ದನ್ನ ನುಡಿಸೋದು) ಅಲ್ದೆ ಇನ್ನೇನು ಸ್ವಾಮಿ? ಕೃತಿಯ ಒಂದೇ ಸಾಲಿಗೆ ಬೇರೆ ಬೇರೆ ಸಂಗತಿ ಹಾಕ್ತಾ ಹೋದ ಹಾಗೆ. ಪಿಟೀಲು ಪರದೇಶಿಯವ್ರೇ, ಹನ್ನೊಂದು ವರ್ಷ ಕಲ್ತಿದೀರಿ, ಹೆದರ್ಕೊಂಡು ಯಾಕ್ ಕೂತಿದೀರಿ, ನಾಲ್ಕು ಆವರ್ತ ಕಲ್ಪನಾಸ್ವರ (ಆಶುವಾಗಿ ಕಟ್ಟೋ ಸ್ವರದ ಸರಣಿ) ಬಿಡಿ, ಅವ್ರೇ ಬಾಯಿ ಮೇಲೆ ಬೆರಳಿಡ್ತಾರೆ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡಿನ ಧಾಟಿಗಳನ್ನ ಎತ್ಕೊಂಡು ನೊಟ್ಟುಸ್ವರ ಮಾಡ್ಲಿಲ್ವಾ, ಅವರ ರಾಷ್ಟ್ರಗೀತೇನೇ 'ಸಂತತಂ ಪಾಹಿಮಾಂ' ಆಯ್ತು. ಐರಿಶ್‌ನೋರಲ್ಲೂ ಟಾಮಿ ಪಾಟ್ಸ್ ಅಂತ ಒಬ್ರು ಡಬ್ಲಿನ್ ಪಿಟೀಲುಗಾರ್ರು ಇದ್ರಲ್ಲ, ರೀಲನ್ನ ಒಡೆದು ಕಟ್ಟಿ ಬೇರೇದೇ ಮಾಡ್ತಿದ್ರು, ಅವರನ್ನ ಕೇಳಿ.


ಕೊಳಲಮ್ಮ_ಕಾರ್ಕ್

ಅಯ್ಯೋ ದಯವಿಟ್ಟು ಕಲ್ಪನಾಸ್ವರ ಬೇಡ, ಮತ್ತೆ ಆ ಪಬ್ಬಿಗೆ ಅವ್ರು ಹೋಗೋ ಹಾಗೇ ಇರಲ್ಲ! ಸಂಗತಿ ಅನ್ನೋದನ್ನೂ ನಾನು ಒಪ್ಪಲ್ಲ ಸಂಗತಿ_ಪ್ರಿಯ ಅವ್ರೆ. ಸಂಗತಿ ಮೆಟ್ಲು ಹತ್ತಿದ ಹಾಗೆ, ಸರಳದಿಂದ ಶುರುವಾಗಿ ಒಂದಕ್ಕಿಂತ ಒಂದು ತುಂಬ್ಕೋತಾ ಹೋಗತ್ತೆ, ಕ್ರಮ ಗುರುಗಳು ಹಾಕ್ಕೊಟ್ಟಿರ್ತಾರೆ. ಇಲ್ಲಿ ಎರಡ್ನೇ ಸುತ್ತಲ್ಲಿ ಮೂರು ರೋಲ್ ಹಾಕಿದೋರು ಮೂರ್ನೇ ಸುತ್ತಲ್ಲಿ ಬರೀ ಬೋಳು ಸ್ವರ ನುಡಿಸ್ಬೋದು, ಅಷ್ಟೊತ್ತಿಗೆ ಆ ಬೋಳು ಸ್ವರವೇ ಹೊಸದಾಗಿ ಕೇಳತ್ತೆ. ಏರಿಕೆ ಅನ್ನೋ ಲೆಕ್ಕವೇ ಇಲ್ಲ. ನಂಗೆ ಇದು ಅರ್ಥ ಆಗೋಕೆ ನಾಲ್ಕು ವರ್ಷ ಬೇಕಾಯ್ತು, ಮೊದಮೊದ್ಲು ಪ್ರತೀ ಸುತ್ತೂ ಹಿಂದಿನದಕ್ಕಿಂತ ಜಾಸ್ತಿ ತುರುಕ್ತಿದ್ದೆ, ಕೊನೇ ಸುತ್ತಿಗೆ ಬರೋ ಹೊತ್ತಿಗೆ ಮದುವೆ ಮನೆ ಸೀರೆ ಥರ ಬರೀ ಜರಿ.

ಪಾಟ್ಸ್ ಬಗ್ಗೆ ಹೇಳಿದ್ದು ಸರಿ, 1912ರಲ್ಲಿ ಹುಟ್ಟಿದ್ರು, ಡಬ್ಲಿನ್ನಲ್ಲಿ ಫೈರ್‌ಮನ್ ಆಗಿದ್ರು, 1972ರಲ್ಲಿ ಅವರ ಎಲ್‌ಪಿ ಬಂತು, ಇವತ್ತಿಗೂ ಅದನ್ನ ಕೇಳಿ ಕೆಲವ್ರು ಕೈ ಮುಗೀತಾರೆ ಕೆಲವ್ರು ತಲೆ ಚಚ್ಕೋತಾರೆ. ಆದ್ರೆ ಅವ್ರು ಒಬ್ರೇ ಕೂತು ನುಡಿಸಿದ್ದು. ತಾಳದ ಬಡಿತಾನೇ ಕೆಲವು ಕಡೆ ಸೇರಿಸ್ತಾರೆ, ಕೆಲವು ಕಡೆ ನುಂಗ್ತಾರೆ, ಅದರ ಜೊತೆ ಇನ್ನೊಬ್ರು ನುಡಿಸೋಕಾಗತ್ತಾ? ಸೆಷನ್ನಲ್ಲಿ ಹನ್ನೆರಡು ಜನ ಒಂದೇ ಧಾಟಿ ನುಡಿಸ್ತಿರ್ತಾರೆ, ಪಕ್ಕವಾದ್ಯ ಅನ್ನೋದಿಲ್ಲ, ಎಲ್ರೂ ಮುಖ್ಯ ಎಲ್ರೂ ಪಕ್ಕ. ಜನ ಜಾಸ್ತಿ ಇದ್ದಷ್ಟೂ ನಿಮ್ಮ ವೇರಿಯೇಷನ್ ಚಿಕ್ಕದಿರಬೇಕು, ಇಬ್ರೇ ಇದ್ದಾಗ ಸ್ವಲ್ಪ ಕೈ ಬಿಡಿ, ಮನೇಲಿ ಒಬ್ರೇ ಇದ್ದಾಗ ಪಾಟ್ಸ್ ಆಗಿ ಯಾರು ಬೇಡ ಅಂದ್ರು.


ಕುಡ್ಲದ_ಕಾಲು

ನಾನು ಲಿಮರಿಕ್‌ನಲ್ಲಿರುವುದು ಮಾರಾಯ್ರೆ, ನುಡಿಸಲಿಕ್ಕೆ ಬರುದಿಲ್ಲ, ಸೆಟ್ ಡ್ಯಾನ್ಸಿಗೆ ಹೋಗ್ತೇನೆ ಶನಿವಾರ ಶನಿವಾರ. ನೀವೆಲ್ಲ ಸ್ವರದ್ದೇ ಮಾತಾಡ್ತಾ ಇದ್ದೀರಿ, ರೀಲ್ ಇರುವುದು ಕುಣಿಯಲಿಕ್ಕೆ ಅಂತ ಒಬ್ಬರಾದ್ರೂ ಹೇಳಿದ್ರಾ? ನಮಗೆ ಎಂಟು ಬಾರು ಅಂದ್ರೆ ಎಂಟು ಬಾರು, ಎಂಟು ಮುಗಿಯುವಾಗ ನಾನು ನನ್ನ ಜಾಗಕ್ಕೆ ವಾಪಸ್ ಬಂದಿರ್ಬೇಕು, ಇಲ್ಲದಿದ್ರೆ ಎದುರಿನ ಜೋಡಿಗೆ ಡಿಕ್ಕಿ. ಒಮ್ಮೆ ಒಬ್ಬ ಪಿಟೀಲಿನವ ಬಂದಿದ್ದ, ಭಾರೀ ಚಂದ ನುಡಿಸ್ತಾನೆ, ಆದ್ರೆ ಒಂದು ವಾಕ್ಯವನ್ನ ಎಳೆದು ಮುಂದಿನ ಬಾರಿನ ಒಳಗೆ ತಂದು ಬಿಟ್ಟ, ಆಚೆ ಬದಿಯ ಅಜ್ಜಿ ಒಬ್ಬರು ಒಂದು ಕಾಲು ಎತ್ತಿ ಅಲ್ಲೇ ನಿಂತ್ರು, ಇಳಿಸುವುದು ಯಾವಾಗ ಅಂತ ಗೊತ್ತಾಗ್ಲಿಲ್ಲ ಅವರಿಗೆ. ಸ್ವರ ಎಂತ ಬೇಕಾದ್ರೂ ಬದಲಾಯಿಸಿ, ಪೆಟ್ಟು ಬೀಳುವ ಜಾಗದಲ್ಲಿ ಬಿದ್ರೆ ಆಯ್ತು. ಇಲ್ಲಿಯವರು ಅದಕ್ಕೆ ಲಿಫ್ಟ್ ಅಂತಾರೆ, ಲಿಫ್ಟ್ ಇದ್ರೆ ಮಾತ್ರ ಕಾಲು ನೆಲ ಬಿಡುದು.


ಪಿಟೀಲು_ಪರದೇಶಿ

ಎಲ್ರಿಗೂ ಥ್ಯಾಂಕ್ಸ್, ಎರಡು ವಾರ ಬರೀಲಿಲ್ಲ, ಕ್ಷಮಿಸಿ. ಶೀಟ್ ಒಳಗಿಟ್ಟೆ ಕೊಳಲಮ್ಮ. ಆ ರೆಕಾರ್ಡಿಂಗನ್ನೇ ಮತ್ತೆ ಹಾಕ್ಕೊಂಡು ಪಿಟೀಲು ಮುಟ್ಟದೆ ಬರೀ ಕಾಲು ತಟ್ತಾ ಕೇಳಿದೆ, ಕುಡ್ಲದವ್ರು ಹೇಳಿದ ಮೇಲೆ. ಮೂರನೇ ಬಾರಿಗೆ ಎಲ್ಲ ವಾದ್ಯನೂ ಬೇರೆ ಬೇರೆ ಮಾಡ್ತಿದ್ರೂ ರಿಷಭದ ಮೇಲೆ ಒಟ್ಟಿಗೆ ಇಳಿಯೋದು ಈಗ ಕೇಳ್ತಿದೆ, ಹಿಂದೆ ನಂಗೆ ಬರೀ ಗಲಾಟೆ ಕೇಳ್ಸಿತ್ತು. ನಮ್ಮಲ್ಲಿ ಸಮಕ್ಕೆ ಬರೋದಕ್ಕೆ ಕಿವಿ ಕಾದಿರತ್ತಲ್ಲ, ಹಾಗೆ ಕಾಯೋದು ಶುರುವಾಗಿದೆ.

ಪೇಡೆಯವ್ರೇ, ಅಕಾರ್ಡಿಯನ್ ತಾತನ್ನ ಕೇಳ್ದೆ, ಪೀಟರ್ಸ್‌ವೆಲ್ ಅಲ್ವಂತೆ, ಗಾರ್ಟ್ ಅಂತೆ. ಅದೂ ಆ ಕಡೆನೇ, ಆದ್ರೆ ಪೀಟರ್ಸ್‌ವೆಲ್ ಅಂದಿದ್ದಕ್ಕೆ ಯಾಕೋ ಸ್ವಲ್ಪ ಸಿಟ್ಟಾದ್ರು.

ರೋಲ್ ಇನ್ನೂ ಬರ್ತಿಲ್ಲ. ನನ್ನ ಬೆರಳಿಗೆ ಜಾರೋ ಅಭ್ಯಾಸ, ಎತ್ತಿ ಹೊಡೆಯೋಕೆ ಹೋದ್ರೆ ಕೆಳಗಿನ ಮಧ್ಯಮ ಪೂರ್ತಿ ಸ್ವರವಾಗಿ ಕೇಳ್ಬಿಡತ್ತೆ. ಬಿಲ್ಲಿನ 'ಪಪಪ' ಮಾತ್ರ ಬಂತು, ಹತ್ರಲ್ಲಿ ನಾಲ್ಕು ಸಲ. ಇನ್ನೊಂದು ಡೌಟು ಇದೆ, ಬೇರೆ ರೀಲ್ ಒಂದ್ರಲ್ಲಿ, 'ಡಿ' ಷಡ್ಜ ಇರೋದ್ರಲ್ಲಿ, ಆ ಕೊಳಲಿನವ್ನ ನಿಷಾದ ಕೈಶಿಕಿನೂ (ಕೆಳಗಿನ ನಿಷಾದ) ಅಲ್ಲ ಕಾಕಲಿನೂ (ಮೇಲಿನದು) ಅಲ್ಲ, ಎರಡರ ಮಧ್ಯ ಎಲ್ಲೋ ಇದೆ. ಅಪಶ್ರುತಿನಾ ಅಥವಾ ಬೇಕಂತಲೇ ಹಾಗಾ?


ಕೊಳಲಮ್ಮ_ಕಾರ್ಕ್

ಬೇಕಂತಲೇ. ಹಳಬರ ಕೊಳಲು, ಪೈಪ್ಸ್, ಪಿಟೀಲು ಎಲ್ಲದ್ರಲ್ಲೂ ಅದು ಅಲ್ಲೇ ನಡುವೆ ಇರತ್ತೆ, ಅಕಾರ್ಡಿಯನ್ನಿಗೆ ಮಾತ್ರ ಆ ಭಾಗ್ಯ ಇಲ್ಲ, ಅವ್ರ ಬಟನ್ನು ಒಂದೋ ಅದು ಇಲ್ಲಾ ಇದು. ನಿಮ್ಮ ಕಿವಿಗೆ ಅದು ಕೇಳಿಸ್ತು ಅಂದ್ರೆ ಹನ್ನೊಂದು ವರ್ಷ ದಂಡ ಆಗಿಲ್ಲ. ರೋಲಿಗೆ ಒಂದು ಕೆಲ್ಸ ಮಾಡಿ, ಕೆಳಗಿನ ತಟ್ಟಿಗೆ ಬೆರಳನ್ನ ಸ್ವರಸ್ಥಾನದ ಮೇಲೆ ಇಡ್ತಾ ಇದೀರಿ ಅಂತ ಕಾಣತ್ತೆ, ಇಡ್ಬೇಡಿ, ಪಂಚಮದ ಬೆರಳನ್ನೇ ಒಂದು ಕ್ಷಣ ಎತ್ತಿ ವಾಪಸ್ ಹಾಕಿ, ಬಿಸಿ ಕಾವಲಿ ಮುಟ್ಟಿದ ಹಾಗೆ. ನಿಧಾನಕ್ಕೆ ಅಭ್ಯಾಸ ಮಾಡ್ವಾಗ್ಲೂ ಆ ಎತ್ತು ಮಾತ್ರ ನಿಧಾನ ಮಾಡ್ಬೇಡಿ. ಭಾನುವಾರ ಒಂದು ರೆಕಾರ್ಡ್ ಮಾಡಿ ಹಾಕ್ತೀನಿ, ಒಂದೇ ಸುತ್ತು ಹಾಕ್ತೀನಿ ಆಯ್ತಾ, ಮೂರು ಹಾಕಿದ್ರೆ ಮತ್ತೆ ಯಾವ್ದು ಸರಿ ಅಂತ ಕೇಳ್ತೀರಿ.